ತೇಲುವ ಟ್ಯೂಬಿಗೊಂದು ಮೋಟಾರು

ಮೋಟಾರಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಹೆಂಗಸೊಬ್ಬಳು ಯಂತ್ರದ ವಿಷಯದಲ್ಲಿ ಎರಡು ಮಾತು ಎತ್ತಿದರೆ ಸಾಕು, "ಇವರಿಗೆ ಹಳೆಯದೇ ಚೆಂದ ಬಿಡಿ" ಎಂದು ಗಂಡಸರು ನಕ್ಕು ಎದ್ದುಹೋಗುತ್ತಾರೆ. ಹಳೆಯದು ಎಷ್ಟು ಚೆಂದವಿತ್ತು ಎಂಬುದು ಒರಳುಕಲ್ಲಿನ ಮುಂದೆ ಕೂತವರಿಗೆ ಗೊತ್ತು.

ನನ್ನಮ್ಮ ಹನ್ನೊಂದು ಜನರ ಮನೆಗೆ ರುಬ್ಬುತ್ತಿದ್ದಳು. ಸಂಜೆ ಅಕ್ಕಿ, ಉದ್ದು ರುಬ್ಬಿ ಎದ್ದರೆ ಬಲಗೈ ಮೇಲಕ್ಕೆ ಎತ್ತಲಾಗುತ್ತಿರಲಿಲ್ಲ. ತಲೆ ಬಾಚಿ ಜಡೆ ಹಾಕಲು ನನ್ನನ್ನು ಕರೆಯುತ್ತಿದ್ದಳು. ಕೊಯಮತ್ತೂರಿನಲ್ಲಿ ಪಿ. ಸಭಾಪತಿ ಎಂಬುವರು ರುಬ್ಬುವ ಕಲ್ಲಿಗೆ ಮೋಟಾರು ಜೋಡಿಸಿದ್ದು 1955ರಲ್ಲಿ. ಮುಂಬಯಿಯಲ್ಲಿ ಸುಮೀತ್ ಮಿಕ್ಸಿ ಹುಟ್ಟಿದ್ದು 1963ರಲ್ಲಿ. ಅದನ್ನು ಮಾಡಿದ ಇಂಜಿನಿಯರರ ಹೆಂಡತಿಯ ಜರ್ಮನ್ ಮಿಕ್ಸರು ಸುಟ್ಟುಹೋಗಿ, ರಿಪೇರಿ ಮಾಡುವವರಿಲ್ಲದೆ ಕೂತದ್ದೇ ಅದಕ್ಕೆ ಕಾರಣವಂತೆ. ನಮ್ಮ ಮನೆಗೆ ಗ್ರೈಂಡರು ಬಂದದ್ದು 1985ರಲ್ಲಿ. ಅಷ್ಟರೊಳಗೆ ಬಾವಿಗೆ ಪಂಪ್‌ಸೆಟ್ಟು ಬಂದಿತ್ತು, ಅಪ್ಪನಿಗೆ ಸ್ಕೂಟರು ಬಂದಿತ್ತು, ಅಣ್ಣನಿಗೆ ಟೇಪ್‌ರೆಕಾರ್ಡರು ಬಂದಿತ್ತು. ಅಮ್ಮನ ರಟ್ಟೆಗೆ ಬದಲಿ ಬರುವ ಹೊತ್ತಿಗೆ ಅಮ್ಮನಿಗೆ ಕೀಲುನೋವು ಬಂದು ಹತ್ತು ವರ್ಷವಾಗಿತ್ತು.

ಹಾಗಾಗಿ ನನ್ನ ಜಗಳ ಮೋಟಾರಿನ ಜೊತೆಯಲ್ಲ. ಅದು ಯಾರ ಮನೆಗೆ ಮೊದಲು ಹೋಗುತ್ತದೆ, ಯಾರ ಕೈಗೆ ಬದಲಾಗಿ ಬರುತ್ತದೆ, ಬಂದಮೇಲೆ ಆ ಕೈಯವರ ಗತಿ ಏನಾಗುತ್ತದೆ ಎಂಬುದು ನನ್ನ ಪ್ರಶ್ನೆ. ಈ ಪ್ರಶ್ನೆ ಈಗ ನನ್ನ ತಲೆಗೆ ಹೊಕ್ಕಿದ್ದು ಮೀನು ಹಿಡಿಯುವ ಒಂದು ಟ್ಯೂಬಿನಿಂದ.

ನನ್ನ ತಂಗಿಯ ಮಗ ಸಾಫ್ಟ್‌ವೇರಿನವನು. ಒಳ್ಳೆಯ ಹುಡುಗ, ಅನುಮಾನವಿಲ್ಲ. ಎರಡು ವರ್ಷ ಅಮೆರಿಕದಲ್ಲಿದ್ದು ಬಂದಮೇಲೆ ಅವನಿಗೆ ಗಾಳ ಹಾಕುವ ಹುಚ್ಚು. ಭಾನುವಾರ ಬೆಳಗಾದರೆ ನಾಲ್ಕು ಸ್ನೇಹಿತರನ್ನು ಕಟ್ಟಿಕೊಂಡು ಊರ ಹೊರಗಿನ ಯಾವುದಾದರೊಂದು ಕೆರೆಗೆ ಹೊರಡುತ್ತಾನೆ. ಜೊತೆಗೆ ಒಂದು ತೇಲುವ ಟ್ಯೂಬು. ಲಾರಿ ಟ್ಯೂಬಿನ ನಡುವೆ ಬಟ್ಟೆಯ ಸೀಟು ಹೊಲಿದ ಹಾಗಿರುತ್ತದೆ. ಅಮೆರಿಕದವರು ಶುರುಮಾಡಿದ್ದೂ ನಿಜವಾದ ಲಾರಿ ಟ್ಯೂಬಿನಿಂದಲೇ. ಈಗಿನದು ಕುದುರೆಲಾಳದ ಆಕಾರ. ಬೆನ್ನಿಗೆ ಒರಗು, ಪಕ್ಕದಲ್ಲಿ ಜೇಬುಗಳು, ನೀರಿನ ಬಾಟಲಿಗೊಂದು ಗೂಡು. ಅದರಲ್ಲಿ ಕೂತರೆ ಮೊಣಕಾಲಿನ ಕೆಳಗೆ ನೀರೊಳಗೆ ಇಳಿಬಿದ್ದಿರುತ್ತದೆ. ಪಾದಕ್ಕೆ ಬಾತುಕೋಳಿಯ ಕಾಲಿನಂಥ ರಬ್ಬರಿನ ರೆಕ್ಕೆ ಕಟ್ಟಿಕೊಂಡು ಮೆಲ್ಲಗೆ ಒದೆಯುತ್ತಾ ಹಿಂದುಹಿಂದಕ್ಕೆ ಹೋಗಬೇಕು. ಕೈ ಎರಡೂ ಗಾಳದ ಕೋಲಿಗೇ ಮೀಸಲು. ನಿಜ ಹೇಳುತ್ತೇನೆ, ಮೊದಲ ಸಲ ನಮ್ಮ ಹೊಸಕೆರೆಹಳ್ಳಿಯ ಮನೆಯ ತಾರಸಿಯ ಮೇಲೆ ಅವನು ಅದಕ್ಕೆ ಗಾಳಿ ತುಂಬಿ ತೋರಿಸಿದಾಗ ನನಗೂ ಇಷ್ಟವಾಯಿತು. ಸದ್ದಿಲ್ಲ, ಹೊಗೆಯಿಲ್ಲ. ಮಡಿಸಿದರೆ ಹಾಸಿಗೆಯ ಸುರುಳಿಯಷ್ಟು. ಮೀನಿಗೆ ತಿಳಿಯದ ಹಾಗೆ ಮೀನಿನ ಹತ್ತಿರ ಹೋಗುವ ಉಪಾಯ.

ಈಗ ಅವನಿಗೆ ಅದಕ್ಕೊಂದು ಮೋಟಾರು ಬೇಕಂತೆ.

"ಯಾಕೋ?" ಎಂದೆ.

"ದೊಡ್ಡಮ್ಮ, ಒದ್ದು ಒದ್ದು ಕಾಲು ನೋಯುತ್ತೆ. ಗಾಳಿ ಎದುರಾದರೆ ಇದ್ದಲ್ಲೇ ಇರಬೇಕು. ಬ್ಯಾಟರಿ ಮೋಟಾರು ಹಾಕಿದರೆ ಹತ್ತು ನಿಮಿಷದಲ್ಲಿ ಆಚೆ ದಡ."

"ಆಚೆ ದಡದಲ್ಲಿ ಏನಿದೆ?"

"ಮೀನು."

ಈಚೆ ದಡದಲ್ಲಿ ಕೂತವರೆಲ್ಲ ಆಚೆ ದಡದಲ್ಲಿ ಮೀನಿದೆ ಎನ್ನುತ್ತಾರೆ, ಆಚೆ ದಡದವರು ಈಚೆಗೆ ನೋಡುತ್ತಿರುತ್ತಾರೆ. ಹಾಗೆಂದರೆ ಅವನು ನಗುತ್ತಾನೆ. ಇರಲಿ, ಅವನ ಲೆಕ್ಕವನ್ನೇ ತೆಗೆದುಕೊಳ್ಳೋಣ.

ಟ್ಯೂಬಿನ ತೂಕ ಐದಾರು ಕಿಲೋ. ಅವನು ಹೇಳುವ ಮೋಟಾರು 12 ವೋಲ್ಟಿನದು, 30 ಪೌಂಡು ತಳ್ಳುವ ಬಲದ್ದು. ಅದಕ್ಕೆ ಬೇಕಾದ ಮಾಮೂಲಿ ಸೀಸದ ಬ್ಯಾಟರಿಯೊಂದರ ತೂಕವೇ 25 ಕಿಲೋದ ಆಸುಪಾಸು. ನಮ್ಮ ಮನೆಯ ಯುಪಿಎಸ್ ಬ್ಯಾಟರಿಯನ್ನು ಸರಿಸಿ ಗುಡಿಸಿದವರಿಗೆ ಆ ತೂಕ ಗೊತ್ತು. ಲಿಥಿಯಂ ತಂದರೆ ತೂಕ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಬೆಲೆ ಏರುತ್ತದೆ. ಮೋಟಾರು ಕೂರಿಸಲು ಟ್ಯೂಬಿನ ಹಿಂದೆ ಪೈಪಿನ ಚೌಕಟ್ಟು, ಅದಕ್ಕೊಂದು ಹಲಗೆ. ಬ್ಯಾಟರಿ ಹಿಂದಿಟ್ಟರೆ ಹಿಂದಕ್ಕೆ ವಾಲುತ್ತದೆ, ಮುಂದಿಟ್ಟರೆ ಮೀನು ಎಳೆದುಕೊಳ್ಳುವ ಜಾಗ ಹೋಗುತ್ತದೆ. ಆಮೇಲೆ ಅದನ್ನು ಕೆರೆಯ ಏರಿಯಿಂದ ನೀರಿನವರೆಗೆ ಹೊರುವುದು ಯಾರು? ಒಬ್ಬನೇ ಹೆಗಲಿಗೆ ಹಾಕಿಕೊಂಡು ಹೋಗುವ ವಸ್ತು ಎಂಬ ಒಂದೇ ಕಾರಣಕ್ಕೆ ಹುಟ್ಟಿದ ಟ್ಯೂಬು ಅದು. ಅದಕ್ಕೆ ಇಷ್ಟೆಲ್ಲ ಕಟ್ಟಿದಮೇಲೆ ಅದು ಟ್ಯೂಬೂ ಅಲ್ಲ, ದೋಣಿಯೂ ಅಲ್ಲ. ದೋಣಿಯೇ ಬೇಕಿದ್ದರೆ ದೋಣಿ ಕೊಳ್ಳಬಾರದೇ?

ಇನ್ನೊಂದು ಮಾತು. ದೋಣಿಯಲ್ಲಿ ಕೂತವನ ಕಾಲು ದೋಣಿಯೊಳಗಿರುತ್ತದೆ. ಟ್ಯೂಬಿನಲ್ಲಿ ಕೂತವನ ಕಾಲು ನೀರಿನಲ್ಲಿರುತ್ತದೆ, ತಿರುಗುವ ರೆಕ್ಕೆಯೂ ಅದೇ ನೀರಿನಲ್ಲಿ, ಒಂದು ಮಾರು ಆಚೆ. ಮಿಕ್ಸಿಯ ಜಾರಿಗೆ ಮುಚ್ಚಳವಿಲ್ಲದೆ ಚಾಲೂ ಮಾಡಬೇಡ ಎಂದು ನಾವು ಹೆಣ್ಣುಮಕ್ಕಳಿಗೆ ಹನ್ನೆರಡನೇ ವಯಸ್ಸಿಗೇ ಹೇಳಿಕೊಡುತ್ತೇವೆ. ಇಪ್ಪತ್ತೊಂಬತ್ತು ವರ್ಷದ ಇಂಜಿನಿಯರನಿಗೆ ಯಾರು ಹೇಳುವುದು? ಚಾಲೂ ಇರುವಾಗ ಗಾಳದ ದಾರ ರೆಕ್ಕೆಗೆ ಸುತ್ತಿಕೊಂಡರೆ ಬಿಡಿಸಲು ಹಿಂದಕ್ಕೆ ಬಾಗಬೇಕು. ಬಾಗಿದರೆ ಟ್ಯೂಬು ಮಗುಚುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಟ್ಯೂಬಿಗೆ ಮೋಟಾರು ಕಟ್ಟಿದ ಕೂಡಲೇ ಅದನ್ನು ದೋಣಿಯೆಂದೇ ಎಣಿಸಿ ನೋಂದಣಿ ಮಾಡಿಸಬೇಕು ಎನ್ನುತ್ತಾರೆ. ನಮ್ಮಲ್ಲೂ 1917ರ ಹಳೆಯ ಕಾನೂನಿನ ಜಾಗದಲ್ಲಿ 2021ರಲ್ಲಿ ಒಳನಾಡು ನೌಕೆಗಳ ಕಾಯ್ದೆ ಬಂದಿದೆ, ಯಂತ್ರದಿಂದ ಓಡುವುದಕ್ಕೆ ಅದರಲ್ಲಿ ಬೇರೆಯೇ ಕಟ್ಟಳೆ. ಇದನ್ನು ಹೇಳಿದರೆ "ಕೆರೆಯಲ್ಲಿ ಯಾರು ಕೇಳ್ತಾರೆ ದೊಡ್ಡಮ್ಮ" ಎಂಬ ಉತ್ತರ. ಕೆರೆಯಲ್ಲಿ ಯಾರೂ ಕೇಳುವುದಿಲ್ಲ, ನಿಜ. ಕೇಳದೆ ಇದ್ದದ್ದರಿಂದಲೇ ಧರ್ಮಾಂಬುಧಿ ಕೆರೆಯ ಮೇಲೆ ಬಸ್ಸು ನಿಲ್ಲುತ್ತಿದೆ, ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ ನಿಂತಿದೆ.

ನಮ್ಮ ಕೆರೆಯ ಕಥೆಗೇ ಬರೋಣ. ನಮ್ಮ ಊರಿನ ಹೆಸರಿನಲ್ಲೇ ಕೆರೆಯೂ ಇದೆ, ಹಳ್ಳಿಯೂ ಇದೆ. ಹಳ್ಳಿ ಹೋಗಿ ಬನಶಂಕರಿ ಮೂರನೇ ಹಂತದ ಮಗ್ಗುಲಿಗೆ ಬಡಾವಣೆಯಾಯಿತು. ಕೆರೆ ಹೂಳು, ಕೊಳಚೆ, ಕಳೆಗಳ ನಡುವೆ ಉಸಿರಾಡಿಕೊಂಡು ಬಂದಿತು. 'ಹೊಸ' ಎಂಬುದೊಂದು ಗಟ್ಟಿಯಾಗಿ ಉಳಿದಿದೆ, ದಿನಕ್ಕೊಂದು ಹೊಸ ಅಪಾರ್ಟ್‌ಮೆಂಟು ಏಳುತ್ತದೆ. ಸುಮಾರು 60 ಎಕರೆಯ ಈ ಕೆರೆಯನ್ನು ಚೆಂದಗೊಳಿಸುವ ಹೆಸರಿನಲ್ಲಿ 2022ರಲ್ಲಿ ಅಂಗಳದ ನಡುವೆಯೇ ಮಣ್ಣು ಸುರಿದು ದಾರಿ ಮಾಡಿದ್ದು ಪತ್ರಿಕೆಗಳಲ್ಲೆಲ್ಲ ಬಂತು, ಸುತ್ತಲಿನವರು ಬೀದಿಗಿಳಿದರು. ಬೆಂಗಳೂರಿನ ಕೆರೆಗಳನ್ನು ಉಳಿಸಿ ಎಂದು ಎನ್. ಲಕ್ಷ್ಮಣರಾವ್ ಸಮಿತಿ 1986ರಲ್ಲೇ ವರದಿ ಕೊಟ್ಟಿತ್ತು. ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟು ಬೋಟಿಂಗು, ಹೋಟೆಲು ಮಾಡಿಸುವುದರ ವಿರುದ್ಧ 2008ರಲ್ಲಿ ಹೈಕೋರ್ಟಿಗೆ ಅರ್ಜಿ ಹೋಗಿ, 2012ರಲ್ಲಿ ತೀರ್ಪು ಬಂತು. ಇಷ್ಟೆಲ್ಲ ಆದಮೇಲೂ ಕೆರೆ ಎಂದರೆ ಜನರ ಕಣ್ಣಿಗೆ ಮೊದಲು ಕಾಣುವುದು ನೀರಲ್ಲ, ಖಾಲಿ ಜಾಗ. ಸೈಟು ಮಾಡಲಾಗದಿದ್ದರೆ ಬೋಟಿಂಗಾದರೂ ಮಾಡೋಣ ಎಂಬ ಆಸೆ.

ನಮ್ಮ ಬಡಾವಣೆಯ ಸಂಘದವರು ಕೂಡ ಈಗ ಅದೇ ಜಾಡಿನಲ್ಲಿದ್ದಾರೆ. ಕೆರೆ ತುಂಬಿದಮೇಲೆ ಅಲ್ಲೊಂದು ಗಾಳದ ಕ್ಲಬ್ಬು, ಬ್ಯಾಟರಿ ಮೋಟಾರಿನ ಟ್ಯೂಬುಗಳು, ಭಾನುವಾರ ಮಕ್ಕಳಿಗೆ ಸವಾರಿ. ಕಾಗದದಲ್ಲಿ 'ಪರಿಸರಸ್ನೇಹಿ' ಎಂದು ಬರೆದಿದ್ದಾರೆ. ಬ್ಯಾಟರಿ ಎಂದೊಡನೆ ಪರಿಸರಸ್ನೇಹಿ ಆಗಿಬಿಡುತ್ತದೆ. ಹೊಗೆ ಕಾಣದಿದ್ದರೆ ಸಾಕು!

ಕೆರೆಯ ತಳ ಕಂಡವರು ಹಾಗೆ ಬರೆಯುವುದಿಲ್ಲ. ನಮ್ಮ ಕೆರೆಗಳು ಸಮುದ್ರವಲ್ಲ, ಮಳೆನೀರು ಹಿಡಿಯಲು ಕಟ್ಟಿದ ಏರಿಗಳು. ದಡದ ಕಡೆಗೆ ಮೊಣಕಾಲುದ್ದ, ಸೊಂಟದುದ್ದದ ನೀರು. ಅದರ ಕೆಳಗೆ ವರ್ಷಾನುವರ್ಷದ ಕೆಸರು, ಆ ಕೆಸರಿನೊಳಗೆ ನಮ್ಮೆಲ್ಲರ ಮನೆಯ ಬಚ್ಚಲಿನಿಂದ ಹೋದ ಸೋಪಿನ ಪುಡಿ. ಕಡಿಮೆ ಆಳದಲ್ಲಿ ರೆಕ್ಕೆ ತಿರುಗಿದರೆ ಆ ಕೆಸರು ಏಳುತ್ತದೆ, ಅದರ ಜೊತೆ ಅಡಗಿದ್ದ ರಂಜಕವೂ ಏಳುತ್ತದೆ, ಪಾಚಿಗೆ ಹಬ್ಬವಾಗುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲಿದ್ದನ್ನು ನೀವು ಪೇಪರಿನಲ್ಲಿ ನೋಡಿರಬಹುದು. ಉಸಿರು ಸಿಗದೆ ಸತ್ತ ಮೀನು ಅವು. ಅದು ಮೋಟಾರಿನಿಂದ ಆದದ್ದಲ್ಲ, ಕೊಳಚೆಯಿಂದ ಆದದ್ದು. ಸುಳ್ಳು ಹೇಳಿ ವಾದ ಗೆಲ್ಲುವ ಅಗತ್ಯ ನನಗಿಲ್ಲ. ಆದರೆ ಉಬ್ಬಸದ ರೋಗಿಯ ಕೋಣೆಯಲ್ಲಿ ಕಸಬರಿಕೆ ಹಿಡಿದು ದೂಳೆಬ್ಬಿಸುತ್ತೀರಾ? "ರೆಕ್ಕೆ ತಿರುಗಿದರೆ ನೀರಿಗೆ ಗಾಳಿ ಸೇರುತ್ತೆ" ಎಂದ ಹುಡುಗ. ಗಾಳಿ ಸೇರಿಸಲು ಕಾರಂಜಿಗಳಿವೆ. ಅವು ನೀರನ್ನು ಮೇಲಕ್ಕೆ ಚಿಮ್ಮಿಸುತ್ತವೆ, ತಳವನ್ನು ಕಲಕುವುದಿಲ್ಲ.

ಮೋಟಾರಿಗೂ ನಮ್ಮ ಕೆರೆ ಒಳ್ಳೆಯದಲ್ಲ ಅನ್ನಿ. ಹಾಲಿನ ಕವರು, ಗಣಪತಿಯ ಹಾರದ ದಾರ, ಹರಿದ ಸೀರೆ, ಅಂತರಗಂಗೆಯ ಬೇರು, ಇಷ್ಟೂ ಸುತ್ತಿಕೊಳ್ಳಲು ಕಾದಿವೆ.

ಇದೆಲ್ಲ ವಸ್ತುವಿನ ಮಾತಾಯಿತು. ನನ್ನ ನಿಜವಾದ ತಕರಾರು ಬೇರೆ. ಬೆಂಗಳೂರಿನ ಸುತ್ತಲ ಕೆರೆಗಳಲ್ಲಿ ಟ್ಯೂಬಿನ ಮೇಲೆ ಕೂತು ಮೀನು ಹಿಡಿಯುವವರು ಮೊದಲಿನಿಂದಲೂ ಇದ್ದಾರೆ. ಅವರದು ಅಮೆರಿಕದಿಂದ ಬಂದದ್ದಲ್ಲ. ಪಂಕ್ಚರ್ ಅಂಗಡಿಯಿಂದ ತಂದ ಹಳೆಯ ಲಾರಿ ಟ್ಯೂಬು, ಅದರ ಮೇಲೆ ಅಡ್ಡಕ್ಕೊಂದು ಹಲಗೆ. ಕೆಲವರದು ಥರ್ಮೋಕೋಲಿನ ತೆಪ್ಪ. ಸ್ವಲ್ಪ ಅನುಕೂಲಸ್ಥರದು ಹರಿಗೋಲು. ಮೀನುಗಾರಿಕೆ ಇಲಾಖೆ ಕೆರೆಯನ್ನು ಗುತ್ತಿಗೆಗೆ ಕೊಡುತ್ತದೆ, ಹಿಡಿದವರು ಕಾಟ್ಲಾ, ರೋಹು, ಗೆಂಡೆಯ ಮರಿ ತಂದು ಬಿಡುತ್ತಾರೆ, ಬಲೆ ಹಾಕುವ ಕೂಲಿ ಈ ಟ್ಯೂಬಿನವರದು. ಬರಿಗೈಯಲ್ಲೇ ಹುಟ್ಟು ಹಾಕುತ್ತಾ, ಕೊಳಚೆ ನೀರಿನಲ್ಲಿ ಸೊಂಟದವರೆಗೆ ನೆನೆಯುತ್ತಾ ಬೆಳಗಿನ ಜಾವ ನಾಲ್ಕಕ್ಕೆ ಇಳಿಯುತ್ತಾರೆ. ಮೈಮೇಲೆ ಲೈಫ್ ಜಾಕೆಟ್ ಇರುವುದನ್ನು ನಾನಂತೂ ನೋಡಿಲ್ಲ. ಏಳು ಗಂಟೆಗೆ ಅವರ ಹೆಂಗಸರು ಬುಟ್ಟಿಯಲ್ಲಿ ಜಿಲೇಬಿ ಮೀನು, ಗೆಂಡೆ ಹಾಕಿಕೊಂಡು ಬೀದಿ ಸುತ್ತುತ್ತಾರೆ. ನಮ್ಮ ಮನೆಯ ಭಾನುವಾರದ ಸಾರು ಅವರಿಂದಲೇ.

ವಾಕಿಂಗ್ ಬರುವವರಿಗೆ ಈ ಜನರನ್ನು ಕಂಡರಾಗದು. ಬಲೆ ನಾರುತ್ತದೆ, ನೋಟ ಕೆಡುತ್ತದೆ. ಹಳೆಯ ಟ್ಯೂಬಿನಲ್ಲಿ ಹೊಟ್ಟೆಗಾಗಿ ಮೀನು ಹಿಡಿದರೆ ಕೆರೆ ಹಾಳಾಯಿತು ಎನ್ನುವ ಅದೇ ಬಾಯಿ, ಹೊಸ ಟ್ಯೂಬಿನಲ್ಲಿ ಮೋಜಿಗಾಗಿ ಮೀನು ಹಿಡಿದು ಫೋಟೋ ತೆಗೆಸಿ ಬಿಟ್ಟರೆ ಕ್ರೀಡೆ ಎನ್ನುತ್ತದೆ. ಮೋಟಾರಿನ ಟ್ಯೂಬು ಹತ್ತು ಬಂದರೆ ಮೊದಲು ಹರಿಯುವುದು ಇವರ ಬಲೆ. ಆಮೇಲೆ 'ಸುರಕ್ಷತೆಯ ದೃಷ್ಟಿಯಿಂದ' ಬಲೆ ಹಾಕುವುದನ್ನು ನಿಲ್ಲಿಸಿ ಎಂಬ ಬೋರ್ಡು ಬರುತ್ತದೆ. ಬೋರ್ಡು ಯಾವಾಗಲೂ ಬಲಹೀನರ ಕಡೆಗೇ ಮುಖಮಾಡಿ ನಿಲ್ಲುತ್ತದೆ.

ಊಹೆಯಲ್ಲ ಇದು. ನಮ್ಮ ಕರಾವಳಿಯಲ್ಲಿ ಒಮ್ಮೆ ಆಗಿಹೋಗಿದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ತವರಿನವರಿಗೆ ರಂಪಣಿ ಎಂದರೆ ವಿವರಿಸಬೇಕಾಗಿಲ್ಲ. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ದೊಡ್ಡ ಬಲೆ ಅದು. ಹುಟ್ಟು ಹಾಕಿಕೊಂಡು ಹೋಗಿ ಬಲೆಯನ್ನು ಅರ್ಧ ವೃತ್ತವಾಗಿ ಬಿಟ್ಟು ಬರುವುದು, ಎರಡು ತುದಿಯನ್ನೂ ಮರಳಿನ ಮೇಲೆ ನಿಂತು ಹತ್ತಾರು ಜನ ಎಳೆಯುವುದು. ಬೂತಾಯಿ, ಬಂಗುಡೆ ಬಿದ್ದರೆ ಎಳೆದವರಿಗೆಲ್ಲ ಪಾಲು. ಮೀನು ಬಂದು ಬೀಳುತ್ತಿದ್ದದ್ದು ಮನೆಯ ಮುಂದಿನ ದಡಕ್ಕೆ, ಹೆಂಗಸರು ಬುಟ್ಟಿ ಹಿಡಿದು ಅಲ್ಲಿಯೇ ನಿಂತಿರುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ಯಂತ್ರದ ದೋಣಿಯ ಪರ್ಸೀನ್ ಬಲೆ ಬಂತು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಕಡಲಿನಲ್ಲಿಯೇ ಸುತ್ತುಗಟ್ಟಿ ಎತ್ತಿಕೊಂಡಿತು. ಗಲಾಟೆಯಾಯಿತು, ಹೊಡೆದಾಟವಾಯಿತು. ಆ ದಶಕ ಮುಗಿಯುವುದರೊಳಗೆ ರಂಪಣಿ ಹೆಚ್ಚು ಕಡಿಮೆ ಮೂಲೆ ಸೇರಿತು. ಮೀನು ಮಲ್ಪೆ, ಮಂಗಳೂರಿನ ಬಂದರಿಗೆ ಹೋಗಿ ಇಳಿಯತೊಡಗಿತು. ದಡದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸು ಬಸ್ಸು ಹತ್ತಿ ಬಂದರಿಗೆ ಹೋಗಬೇಕಾಯಿತು, ಲಾರಿಗಟ್ಟಲೆ ಕೊಳ್ಳುವ ವ್ಯಾಪಾರಿಯ ಎದುರು ಹರಾಜಿನಲ್ಲಿ ಕೂಗಬೇಕಾಯಿತು, ಮೊದಲು ಪಾಲಾಗಿ ಸಿಗುತ್ತಿದ್ದದ್ದಕ್ಕೆ ನಗದು ಎಣಿಸಬೇಕಾಯಿತು. ಯಾರೂ ಅವಳನ್ನು ಹೊರಗೆ ಹಾಕಲಿಲ್ಲ. ಮೀನು ಇಳಿಯುವ ಜಾಗ ಬದಲಾಯಿತು, ಅಷ್ಟೆ.

ಹಾಗೆಂದು ಆ ದೋಣಿಗಳಿಂದ ಬದುಕು ಕಂಡವರಿಲ್ಲವೇ? ಇದ್ದಾರೆ. ಮಕ್ಕಳನ್ನು ಓದಿಸಿದವರಿದ್ದಾರೆ, ಮನೆ ಕಟ್ಟಿದವರಿದ್ದಾರೆ. ಮಳೆಗಾಲದ ಕಡಲಿನಲ್ಲಿ ಹುಟ್ಟು ಹಾಕುವುದೇನು ಸುಖವೇ? ಆದರೆ ಅಲ್ಲಿಯೂ ಕೊನೆಗೆ ಮೋಟಾರಿಗೆ ಗೆರೆ ಎಳೆಯಲೇಬೇಕಾಯಿತು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, 10 ಅಶ್ವಶಕ್ತಿಯೊಳಗಿನ ನಾಡದೋಣಿಗಷ್ಟೇ ವಿನಾಯಿತಿ. ಕಡಲಿಗೇ ಗೆರೆ ಬೇಕಾದರೆ 60 ಎಕರೆಯ ಕೆರೆಗೆ ಬೇಡವೇ?

ನನ್ನ ತಂಗಿಯ ಮಗನ ಬತ್ತಳಿಕೆಯಲ್ಲಿ ಕೊನೆಯ ಬಾಣವೊಂದಿತ್ತು. "ದೊಡ್ಡಮ್ಮ, ನೀವು ಬಡವರ ಪರ ಅಂತೀರಿ. ಆ ಟ್ಯೂಬಿನವರಿಗೂ ಮೋಟಾರು ಸಿಕ್ಕರೆ ಅವರ ಕೈನೋವು ತಪ್ಪೋದಿಲ್ವೇ? ನಿಮ್ಮಮ್ಮನಿಗೆ ಗ್ರೈಂಡರು ಬೇಕು, ಅವರಿಗೆ ಬೇಡವೇ?"

ಇದು ಒಳ್ಳೆಯ ಪ್ರಶ್ನೆ. ಜಾಣ ಹುಡುಗ ಎಂದು ಸುಮ್ಮನೆ ಹೇಳಲಿಲ್ಲ ನಾನು. ಇದಕ್ಕೆ ಉತ್ತರ ನನ್ನ ಹತ್ತಿರವೂ ಇರಲಿಲ್ಲ, ಅವನ ಹತ್ತಿರವೂ ಇರಲಿಲ್ಲ. ಇದ್ದದ್ದು ಹುಟ್ಟು ಹಿಡಿದವರ ಹತ್ತಿರ.

ಹೋದ ಮಾಘದಲ್ಲಿ ತಲಕಾಡಿಗೆ ಹೋಗಿದ್ದೆವು. ದೇವರ ದರ್ಶನ ಮುಗಿಸಿ ಹೊಳೆಯ ದಂಡೆಯಲ್ಲಿ ಕೂತಿದ್ದಾಗ ಗಂಡ ಹೆಂಡತಿ ಇಬ್ಬರು ಹರಿಗೋಲು ದಡಕ್ಕೆ ಹಚ್ಚಿದರು. ಹರಿಗೋಲು ನಮ್ಮ ನಾಡಿನ ತೇಲುವ ಟ್ಯೂಬು. ವಿಜಯನಗರ ನೋಡಲು ಬಂದ ಪೋರ್ಚುಗೀಸಿನ ಪಾಯೆಸ್ ಐನೂರು ವರ್ಷದ ಹಿಂದೆಯೇ ಆನೆಗೊಂದಿಯಲ್ಲಿ ಬುಟ್ಟಿಯಂಥ ದುಂಡನೆಯ ದೋಣಿ ಕಂಡು ಬರೆದಿಟ್ಟಿದ್ದಾನೆ. ಹೆಣಿಗೆ ಅದೇ, ಹೊರಗಿನ ಚರ್ಮ ಹೋಗಿ ಪ್ಲಾಸ್ಟಿಕ್ಕು, ಟಾರು ಬಂದಿದೆ. ಹೆಂಗಸು ಹುಟ್ಟು ಹಿಡಿದಿದ್ದಳು, ಗಂಡ ಬಲೆ ಮಡಚುತ್ತಿದ್ದ. ಈ ಹೊಳೆ, ಜಲಾಶಯಗಳ ಮೀನುಗಾರರಲ್ಲಿ ಇದು ಸಾಮಾನ್ಯ. ಗಂಡನ ಎರಡು ಕೈಯೂ ಬಲೆಗೆ ಬೇಕು. ಹರಿಗೋಲನ್ನು ಸುತ್ತದ ಹಾಗೆ, ಬಲೆಯ ಗೆರೆ ತಪ್ಪದ ಹಾಗೆ ಹಿಡಿದು ನಿಲ್ಲಿಸುವವಳು ಹೆಂಡತಿ. ದುಂಡನೆಯ ದೋಣಿಯನ್ನು ನೇರಕ್ಕೆ ನಡೆಸುವುದು ಎಂಥ ವಿದ್ಯೆ ಎಂಬುದು ಒಮ್ಮೆ ಹುಟ್ಟು ಹಿಡಿದು ನೋಡಿದವರಿಗೆ ಗೊತ್ತಾಗುತ್ತದೆ, ಇದ್ದಲ್ಲೇ ಬುಗುರಿಯ ಹಾಗೆ ತಿರುಗುತ್ತದೆ.

"ಮೋಟಾರು ಹಾಕಿಸಿಕೊಂಡರೆ ನಿನಗೆ ಸುಲಭ ಆಗಲ್ವೇನಮ್ಮ?" ಎಂದು ಕೇಳಿದೆ.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: "ಈಗ ನಾನ್ ಹುಟ್ಟಾಕ್ತೀನಿ, ಅವ್ರು ಬಲೆ ಎಳೀತಾರೆ. ಮೀನು ಇಬ್ರುದೂವೆ ಅಮ್ಮಾವ್ರೆ. ಮೋಟ್ರು ಬಂದ್ರೆ ನಾನ್ ಮನೇಲಿರ್ತೀನಿ. ಆಗ ಮೀನು ಮೋಟ್ರುದು, ಮೋಟ್ರು ಸಾಲ ಕೊಟ್ಟೋನ್ದು."

ಗಂಡ ನಕ್ಕ. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆಷಾಢದ ಗಾಳೀಲಿ ಒಂದ್ಸಲ ಮೋಟ್ರಿದ್ರೆ ಅನ್ಸುತ್ತೆ, ಸುಳ್ಳೇಳಾಕಿಲ್ಲ" ಎಂದಳು.

ಎರಡೂ ಮಾತನ್ನು ನಾನು ಹಾಗೆಯೇ ತಂದು ಹುಡುಗನ ಮುಂದಿಟ್ಟೆ. ಅವಳಿಗೆ ಮೋಟಾರು ಬೇಡ ಎಂದು ನಾನು ತೀರ್ಪು ಕೊಡುವುದಿಲ್ಲ, ಬೇಕು ಎಂದು ಅವನೂ ಕೊಡುವ ಹಾಗಿಲ್ಲ. ಸಾಲವಿಲ್ಲದ, ಇಬ್ಬರ ಹೆಸರಿನಲ್ಲಿರುವ, ಆಷಾಢದ ಗಾಳಿಗೆ ಮಾತ್ರ ಇಳಿಸಿಕೊಳ್ಳುವ ಮೋಟಾರೊಂದನ್ನು ಯಾವುದಾದರೂ ಮೀನುಗಾರರ ಸಹಕಾರ ಸಂಘ ಕೊಡುವುದಾದರೆ ಮೊದಲ ಚಂದಾ ನಾನೇ ಎತ್ತುತ್ತೇನೆ. ಅಮ್ಮನ ಗ್ರೈಂಡರಿನ ವಿಷಯಕ್ಕೆ ಬಂದರೂ ಅಷ್ಟೆ. ನಮ್ಮ ಮನೆಯ ಕಲ್ಲಿಗೆ ಮೋಟಾರು ಬಂದದ್ದು ಅಮ್ಮನಿಗೆ ಬಿಡುಗಡೆ. ಆದರೆ ಊರಿಗೆ ಅಕ್ಕಿ ಗಿರಣಿ ಬಂದಾಗ ನಾಲ್ಕು ಮನೆಯ ಭತ್ತ ಕುಟ್ಟಿ ನುಚ್ಚು, ತೌಡು, ಎರಡು ಸೇರು ಅಕ್ಕಿ ಒಯ್ಯುತ್ತಿದ್ದ ಹೆಂಗಸಿಗೆ ಬಂದದ್ದು ಬಿಡುಗಡೆಯಲ್ಲ, ನಿರುದ್ಯೋಗ. ಒಂದೇ ಯಂತ್ರ, ಎರಡು ಮನೆಯಲ್ಲಿ ಎರಡು ಫಲ. ಮೋಟಾರು ಬಂದಾಗ ಆ ಎರಡನೆಯ ಮನೆಯ ಬಾಗಿಲು ತಟ್ಟಿ ಕೇಳಿದವರನ್ನು ನಾನು ಕಂಡಿಲ್ಲ.

ಇನ್ನು ಮೋಜಿನ ಗಾಳದವರಿಗೆ ಒಂದು ಮಾತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದದ್ದನ್ನು ನೀವು ಇಂದಿಗೂ ಕಣ್ಣರಳಿಸಿ ಹೇಳಿಕೊಳ್ಳುತ್ತೀರಿ. ಅದು ಹರಿಗೋಲಿನ ಕಾಲ. ಈಗ ನಿಮ್ಮ ಕೈಯಲ್ಲಿ ಮೀನು ಎಲ್ಲಿದೆ ಎಂದು ತೋರಿಸುವ ಪೆಟ್ಟಿಗೆಯಿದೆ, ಕಾಲಿನ ಬದಲು ಮೋಟಾರು ಬರುತ್ತಿದೆ. ಕಾವೇರಿಯ ಆ ಡುಬ್ಬದ ಮಹಸೀರ್ ಮಾತ್ರ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ಮೀನಿಗೂ ನಿಮಗೂ ನಡುವೆ ಇದ್ದ ಅಡ್ಡಿಯನ್ನೆಲ್ಲ ಒಂದೊಂದಾಗಿ ಕಳೆದಮೇಲೆ ಅದನ್ನು ಆಟವೆನ್ನಲು ಉಳಿಯುವುದೇನು? ಕಾಲುನೋವು ಬಂದರೆ ದಡಕ್ಕೆ ಬಂದು ಕೂರಿ. ನಾವೂ ಬಸ್‌ಸ್ಟಾಪಿನಲ್ಲಿ, ಪಡಿತರದ ಸಾಲಿನಲ್ಲಿ ನಿಂತು ಕಾಲು ನೋಯಿಸಿಕೊಂಡವರೇ. ನಮಗ್ಯಾರೂ ಮೋಟಾರು ಕಟ್ಟಲಿಲ್ಲ.

"ನೀರಿನ ನಡುವೆ ಸುಸ್ತಾದರೆ ಮೋಟಾರು ಜೀವ ಉಳಿಸುತ್ತೆ" ಎಂಬ ವಾದವೂ ಇದೆ. ಸುಸ್ತಾಗುವಷ್ಟು ದೂರಕ್ಕೆ ಕರೆದೊಯ್ಯುವುದೂ ಮೋಟಾರೇ ಅಲ್ಲವೇ? ಕಾಲಿನಿಂದ ಹೋದವನು ಕಾಲಿನಿಂದ ಹಿಂತಿರುಗುವಷ್ಟೇ ದೂರ ಹೋಗುತ್ತಾನೆ. ಬ್ಯಾಟರಿ ನಂಬಿ ಹೋದವನು ಬ್ಯಾಟರಿ ಮುಗಿದ ಜಾಗದಲ್ಲಿ ನಿಲ್ಲುತ್ತಾನೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅದಕ್ಕೂ ಮೋಟಾರಿತ್ತು. ಜೀವ ಉಳಿಸುವುದೇ ಉದ್ದೇಶವಾಗಿದ್ದರೆ ಆ ಮೋಟಾರು, ಲಿಥಿಯಂ ಬ್ಯಾಟರಿ, ಚೌಕಟ್ಟಿನ ದುಡ್ಡಿನಲ್ಲಿ ಎಷ್ಟು ಲೈಫ್ ಜಾಕೆಟ್ ಬರುತ್ತದೆ, ಲಾರಿ ಟ್ಯೂಬಿನವರಲ್ಲಿ ಎಷ್ಟು ಜನಕ್ಕೆ ಹಂಚಬಹುದು ಎಂದು ಲೆಕ್ಕ ಹಾಕಿ ತಾ ಎಂದು ಹುಡುಗನಿಗೆ ಹೇಳಿದ್ದೇನೆ. ಲೆಕ್ಕದಲ್ಲಿ ಅವನು ಗಟ್ಟಿಗ. ಇನ್ನೂ ತಂದಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ನಮ್ಮ ಸಂಘದ ಸಭೆಯಿದೆ. ಕ್ಲಬ್ಬಿನ ಪ್ರಸ್ತಾಪ ಅಲ್ಲಿ ಬರುತ್ತದೆ. ನಾನು ಒಂದೂವರೆ ಪುಟದ ಆಕ್ಷೇಪಣೆ ಬರೆದುಕೊಟ್ಟಿದ್ದೇನೆ: ಕೆರೆಗೆ ಬೀಳುವ ಕೊಳಚೆ ನಿಲ್ಲುವವರೆಗೆ ಯಾವ ಮೋಟಾರೂ ನೀರಿಗಿಳಿಯಬಾರದು, ಮೀನು ಹಿಡಿಯುವ ಹಕ್ಕು ಮೊದಲು ಅದರಿಂದ ಬದುಕುವವರದು, ಕಾಲಿನಿಂದ ಒದ್ದು ತೇಲುವವರಿಗೆ ನನ್ನ ಅಡ್ಡಿಯಿಲ್ಲ. ಕೊನೆಯಲ್ಲಿ, ನಮ್ಮ ಬೀದಿಗೆ ಮೀನು ತರುವ ಇಬ್ಬರು ಹೆಂಗಸರನ್ನೂ ಸಭೆಗೆ ಕರೆದು ಕುರ್ಚಿ ಕೊಡಿ ಎಂದು ಕೇಳಿದ್ದೇನೆ. ಕಾರ್ಯದರ್ಶಿಗಳು ಕಾಗದ ತೆಗೆದುಕೊಂಡು, "ಮೇಡಂ, ಅವರು ನಮ್ಮ ಸಂಘದ ಸದಸ್ಯರಲ್ಲವಲ್ಲ" ಎಂದರು. ಸದಸ್ಯತ್ವದ ಶುಲ್ಕ ಎಷ್ಟೆಂದು ಕೇಳಿಕೊಂಡು ಬಂದಿದ್ದೇನೆ.